ಹಳೆಯ ಗಾರ್ಡನ್ ಟ್ರ್ಯಾಕ್ಟರಿಗೆ ದೊಡ್ಡ ಎಂಜಿನ್ ಬೇಕೇ?

ಪ್ರಶ್ನೆ: ನನ್ನ ಬಳಿ 1970ರ ದಶಕದ ವೀಲ್ ಹಾರ್ಸ್ ಗಾರ್ಡನ್ ಟ್ರ್ಯಾಕ್ಟರ್ ಇದೆ. ಅದರಲ್ಲಿರುವುದು 12 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಕೋಹ್ಲರ್ ಕೆ301 ಎಂಜಿನ್. ಇತ್ತೀಚೆಗೆ ಅದು ನೀಲಿ ಹೊಗೆ ಉಗುಳುತ್ತಿದೆ, ಒಳಗಿನಿಂದ ಟಕಟಕ ಸದ್ದು ಬರುತ್ತಿದೆ. 10 ಇಂಚಿನ ಮೋಲ್ಡ್‌ಬೋರ್ಡ್ ನೇಗಿಲು (ಮಣ್ಣನ್ನು ಮಗುಚಿಹಾಕುವ ಬಾಗಿದ ಹಲಗೆಯ ನೇಗಿಲು) ಹೂಡಿದರೆ ಗಾಡಿ ಮುಂದಕ್ಕೆ ಸಾಗುವುದಿಲ್ಲ. ಹುಲ್ಲು ಕತ್ತರಿಸುವ ಡೆಕ್ ಅದುರುತ್ತದೆ, ಅದರ ಬೆಲ್ಟ್ ಪದೇ ಪದೇ ಸುಡುತ್ತದೆ. ಹಳೆಯ ಎಂಜಿನ್ ಕಳಚಿ 22 ಅಶ್ವಶಕ್ತಿಯ, ಎರಡು ಸಿಲಿಂಡರಿನ ವಿ-ಟ್ವಿನ್ ಎಂಜಿನ್ ಕೂರಿಸಬೇಕು, ಮುಂದೆ ಮಣ್ಣು ಎತ್ತುವ ಒಂದು ಲೋಡರ್ ಕಟ್ಟಬೇಕು ಎಂದುಕೊಂಡಿದ್ದೇನೆ. ಕೆಲಸವನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ಹೊಸ ಎಂಜಿನ್ ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಕುಳಿತಿರುವಾಗ ನಿಮ್ಮ ಟ್ರ್ಯಾಕ್ಟರಿನ ಒಟ್ಟು ತೂಕ ಸುಮಾರು 450 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ, ಅಂದರೆ 290 ಕಿಲೋ ಆಸುಪಾಸು, ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಗಟ್ಟಿಯಾದ ಒಣ ಮಣ್ಣಿನಲ್ಲಿ ಕೃಷಿ ಟಯರು ತನ್ನ ಮೇಲಿರುವ ಭಾರದ ಅರ್ಧದಷ್ಟನ್ನು ಎಳೆತವಾಗಿ ಕೊಟ್ಟರೆ ಅದು ಒಳ್ಳೆಯ ಫಲಿತಾಂಶವೇ. ಹಾಗಾಗಿ ನಿಮ್ಮ ಟ್ರ್ಯಾಕ್ಟರು ಚಕ್ರ ಜಾರದೆ ಎಳೆಯಬಲ್ಲದ್ದು ಸುಮಾರು 145 ಕಿಲೋ ಬಲ, ಅಂದರೆ 1,400 ನ್ಯೂಟನ್ ಚಿಲ್ಲರೆ. ಉಳುವಾಗ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗಿದರೆ ಈ ಎಳೆತಕ್ಕೆ ಬೇಕಾಗುವ ಶಕ್ತಿ 1.4 ಕಿಲೋವ್ಯಾಟ್, ಹೆಚ್ಚುಕಡಿಮೆ ಎರಡು ಅಶ್ವಶಕ್ತಿ. ಬೆಲ್ಟ್, ಗೇರು ಮತ್ತು ಟಯರುಗಳಲ್ಲಿ ನಷ್ಟವಾಗುವುದನ್ನೂ ಧಾರಾಳವಾಗಿ ಸೇರಿಸಿದರೆ ಮೂರೋ ನಾಲ್ಕೋ ಆಗಬಹುದು. ಆರೋಗ್ಯವಾಗಿರುವ 12 ಅಶ್ವಶಕ್ತಿಯ ಎಂಜಿನ್ನಿಗೆ ಇದು ದೊಡ್ಡ ಹೊರೆಯಲ್ಲ. ನೇಗಿಲು ಸಾಗದಿರುವುದಕ್ಕೆ 22 ಅಶ್ವಶಕ್ತಿ ಪರಿಹಾರವಾಗದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮಣ್ಣಿನ ಕಡೆಯಿಂದ ನೋಡಿದರೂ ಲೆಕ್ಕ ಇದಕ್ಕೆ ಹೊಂದುತ್ತದೆ. ನಿಮ್ಮ ನೇಗಿಲು 25 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳ ಕೊರೆದರೆ ಸೀಳುವ ಮಣ್ಣಿನ ಅಡ್ಡಕೊಯ್ತ 375 ಚದರ ಸೆಂಟಿಮೀಟರ್ ಆಗುತ್ತದೆ. ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 0.2ರಿಂದ 0.3 ಕಿಲೋ ಬಲ ಸಾಕಾಗುವುದರಿಂದ ಒಟ್ಟು 75ರಿಂದ 110 ಕಿಲೋ ಆಗುತ್ತದೆ, ಟ್ರ್ಯಾಕ್ಟರು ಸಲೀಸಾಗಿ ಎಳೆಯುತ್ತದೆ. ಜಿಗುಟು ಮಣ್ಣಿನಲ್ಲಿ ಅದೇ ಅಂಕಿ 0.5ಕ್ಕೆ ಏರಿದರೆ 190 ಕಿಲೋ ಬೇಕು. ಅಷ್ಟು ಹಿಡಿತ ನಿಮ್ಮ ಚಕ್ರಗಳಿಗಿಲ್ಲ. ಅಲ್ಲಿ ಮಾಡಬೇಕಾದುದು ಆಳವನ್ನು 10 ಸೆಂಟಿಮೀಟರಿಗೆ ಇಳಿಸುವುದು, ನೇಗಿಲಿನ ಗುಳವನ್ನು ಹರಿತಗೊಳಿಸುವುದು, ಅದರ ಹಲಗೆಗೆ ಹಿಡಿದ ತುಕ್ಕನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ ತೆಗೆಯುವುದು. ಮಣ್ಣು ಹಲಗೆಯ ಮೇಲೆ ಜಾರದೆ ಅಂಟಿಕೊಂಡರೆ ನೇಗಿಲು ಉಳುವ ಬದಲು ಮಣ್ಣನ್ನು ತಳ್ಳಿಕೊಂಡು ಹೋಗುತ್ತದೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ನೇಗಿಲನ್ನು ನೇರವಾಗಿ ಹೊಲಕ್ಕಿಳಿಸಿ ಟ್ರ್ಯಾಕ್ಟರನ್ನು ಬೈಯುವವರನ್ನು ನಾನು ಬಹಳ ಕಂಡಿದ್ದೇನೆ.

ಮುಂದಕ್ಕೆ ಸಾಗದಿರುವಾಗ ನಿಜಕ್ಕೂ ಏನಾಗುತ್ತಿದೆ ಎಂಬುದನ್ನು ಕಿವಿ ಮತ್ತು ಕಣ್ಣು ಎರಡೂ ತಿಳಿಸುತ್ತವೆ. ಎಂಜಿನ್ನಿನ ಸದ್ದು ಕುಗ್ಗಿ ಆರಿಹೋಗುವಂತಾದರೆ ದೋಷ ಎಂಜಿನ್ನಿನದು. ಎಂಜಿನ್ ಒಂದೇ ಸಮನೆ ಓಡುತ್ತಿದ್ದು ಹಿಂದಿನ ಚಕ್ರಗಳು ತಿರುಗುತ್ತಿದ್ದರೆ ಕೊರತೆ ಹಿಡಿತದ್ದು. ಎಂಜಿನ್ ಓಡುತ್ತಿದ್ದರೂ ಚಕ್ರಗಳು ನಿಂತೇ ಇದ್ದರೆ ಜಾರುತ್ತಿರುವುದು ಎಂಜಿನ್ನಿಗೂ ಟ್ರಾನ್ಸ್‌ಆಕ್ಸಲ್ಲಿಗೂ (ಗೇರುಪೆಟ್ಟಿಗೆ ಮತ್ತು ಹಿಂದಿನ ಆಕ್ಸಲ್ ಒಂದಾಗಿರುವ ಭಾಗ) ನಡುವಿನ ಡ್ರೈವ್ ಬೆಲ್ಟ್, ಇಲ್ಲವೇ ಚಕ್ರವನ್ನು ಹೊತ್ತ ಹಿಂದಿನ ಹಬ್. ಈ ಟ್ರ್ಯಾಕ್ಟರುಗಳಲ್ಲಿ ಹಬ್ಬನ್ನು ಆಕ್ಸಲ್ಲಿಗೆ ಕಟ್ಟಿಹಾಕಿರುವುದು ಒಂದು ಚಿಕ್ಕ ಕೀ ಮತ್ತು ಒಂದು ಸೆಟ್ ಸ್ಕ್ರೂ ಮಾತ್ರ. ಸ್ಕ್ರೂ ಸಡಿಲಾದ ಮೇಲೂ ಓಡಿಸಿದರೆ ಕೀ ತಾನು ಕೂತಿರುವ ತೋಡನ್ನೇ ತಿಂದುಹಾಕುತ್ತದೆ, ಕೊನೆಗೆ ಹಬ್ಬೂ ಆಕ್ಸಲ್ಲೂ ಎರಡೂ ಕೆಡುತ್ತವೆ. ಆಕ್ಸಲ್ಲಿನ ತುದಿ ಮತ್ತು ಹಬ್ಬಿನ ಮುಖ ಎರಡಕ್ಕೂ ತಾಗುವಂತೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಕೆಲಸ ಮಾಡಿ ಬಂದು ನೋಡಿ. ಗೆರೆ ಮುರಿದಿದ್ದರೆ ನಿಮ್ಮ ದೋಷ ಸಿಕ್ಕಿತು. ಅದೇ ಸಂದರ್ಭದಲ್ಲಿ ಟ್ರಾನ್ಸ್‌ಆಕ್ಸಲ್ಲಿನ ಎಣ್ಣೆಯನ್ನೂ ನೋಡಿ. ಗೇರ್ ಲಿವರಿನ ರಬ್ಬರ್ ಟೋಪಿ ಹರಿದಿದ್ದರೆ ಮಳೆನೀರು ನೇರವಾಗಿ ಗೇರುಪೆಟ್ಟಿಗೆಗೆ ಇಳಿಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಪೂರ್ತಿ ಬಸಿದು, ತೊಳೆದು, ಎಸ್‌ಎಇ 90 ಗೇರ್ ಆಯಿಲ್ ತುಂಬಬೇಕು.

ಇನ್ನು ಎಂಜಿನ್. ಕೆ301 ಬಹಳ ಸರಳವಾದ ಸೈಡ್ ವಾಲ್ವ್ ಎಂಜಿನ್. ಎರಕದ ಕಬ್ಬಿಣದ ಬ್ಲಾಕ್, ಗಾಳಿಯಿಂದ ತಂಪಾಗುವ ವ್ಯವಸ್ಥೆ, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಎಂಬ ಚಿಕ್ಕ ಸ್ವಿಚ್ಚು ತೆರೆದಾಗ ಕಿಡಿ ಹಾರಿಸುವ ವ್ಯವಸ್ಥೆ) ಇವೆ. ಆಯಿಲ್ ಪಂಪ್ ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿರುವ ಚಿಕ್ಕ ನಾಲಗೆ ಎಣ್ಣೆಯಲ್ಲಿ ಮುಳುಗೆದ್ದು ಅದನ್ನು ಎಲ್ಲೆಡೆ ಚಿಮ್ಮಿಸುತ್ತದೆ, ಅಷ್ಟೇ. ಆದ್ದರಿಂದ ಎಣ್ಣೆಯ ಮಟ್ಟ ಕಡಿಮೆಯಾದರೂ, ಕಡಿದಾದ ಇಳಿಜಾರಿನಲ್ಲಿ ಬಹಳ ಹೊತ್ತು ಓಡಿಸಿದರೂ, ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರನ್ನು ಕೆದಕಿ ನಿಮಿಷಕ್ಕೆ 3,600 ಸುತ್ತಿನ ಮಿತಿಯನ್ನು ದಾಟಿಸಿದರೂ ಮೊದಲು ಬಲಿಯಾಗುವುದು ಅಲ್ಯೂಮಿನಿಯಂ ರಾಡ್. ಅದು ಮುರಿದರೆ ಬ್ಲಾಕಿನ ಗೋಡೆಗೆ ತೂತು ಬೀಳುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಟಕಟಕ ಸದ್ದಿರುವುದರಿಂದ, ಕಾರಣ ತಿಳಿಯುವವರೆಗೆ ಅದನ್ನು ಮತ್ತೆ ಚಾಲೂ ಮಾಡಬೇಡಿ.

ಸದ್ದೆಂದರೆ ರಾಡೇ ಹೋಯಿತು ಎಂದು ತೀರ್ಮಾನಿಸುವ ಅಗತ್ಯವೂ ಇಲ್ಲ. ರಾಡ್ ಹೋಗಿದೆ ಎಂದು ಹೇಳಿ ನನ್ನ ಮುಂದೆ ತಂದಿಟ್ಟ ಒಂದು ಎಂಜಿನ್ನನ್ನು ಬಿಚ್ಚಲು ಹೊರಟಾಗ ಸಿಕ್ಕಿದ್ದು, ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಕೀ ಸವೆದು ಅಲ್ಲಾಡುತ್ತಿದ್ದ ಪುಲ್ಲಿ. ಹಾಗಾಗಿ ಮೊದಲು ಪುಲ್ಲಿ ಮತ್ತು ಫ್ಲೈವೀಲನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಆಮೇಲೆ ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚಿ. ಪಿಸ್ಟನ್ನಿನ ತಲೆಯ ಮೇಲೆ ದಪ್ಪಗೆ ಕೂತ ಮಸಿ ಹೆಡ್ಡಿಗೆ ಬಡಿದರೂ ಹೀಗೆಯೇ ಸದ್ದು ಬರುತ್ತದೆ. ಮೂರನೆಯ ಅನುಮಾನ ಬ್ಯಾಲೆನ್ಸ್ ಗೇರುಗಳ ಮೇಲೆ. ಈ ಸರಣಿಯ ಕೆಲವು ಎಂಜಿನ್ನುಗಳಲ್ಲಿ ಅದುರುವಿಕೆ ತಗ್ಗಿಸಲು ಕ್ರ್ಯಾಂಕ್‌ಶಾಫ್ಟಿನ ಪಕ್ಕದಲ್ಲಿ ಎರಡು ತೂಕದ ಗೇರುಗಳನ್ನು ಇಟ್ಟಿದ್ದಾರೆ, ಇವು ನೀಡಲ್ ಬೇರಿಂಗಿನ ಮೇಲೆ ತಿರುಗುತ್ತವೆ. ಬೇರಿಂಗ್ ಸವೆದು ಗೇರು ಸಿಕ್ಕಿಹಾಕಿಕೊಂಡರೆ ಬ್ಲಾಕೇ ಒಡೆಯಬಹುದು. ಎಂಜಿನ್ ಹೇಗೂ ಬಿಚ್ಚಿದಾಗ ಈ ಗೇರುಗಳನ್ನು ತೆಗೆದುಹಾಕುವುದು ರಿಪೇರಿಗಾರರಲ್ಲಿ ರೂಢಿ. ನನ್ನ ಅಭಿಪ್ರಾಯವೂ ಅದೇ. ಸ್ವಲ್ಪ ಹೆಚ್ಚು ನಡುಕವನ್ನು ಸಹಿಸಿಕೊಳ್ಳಬಹುದು, ಒಡೆದ ಬ್ಲಾಕನ್ನು ಸರಿಪಡಿಸಲಾಗದು.

ನೀಲಿ ಹೊಗೆಗೂ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಎಣ್ಣೆ ಮಿತಿ ಮೀರಿ ತುಂಬಿದ್ದರೆ ಹೊಗೆ ಬರುತ್ತದೆ. ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರಿನ ತೆಳು ಪಟ್ಟಿ ಮುರಿದಿದ್ದರೆ ಅಥವಾ ಹಿಂದಿನವರು ಅದನ್ನು ತಿರುವುಮುರುವಾಗಿ ಜೋಡಿಸಿದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಇವೆರಡೂ ಸರಿಯಿದ್ದರೆ ಪಿಸ್ಟನ್ ರಿಂಗುಗಳನ್ನು ಪರೀಕ್ಷಿಸಬೇಕು. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಈ ಎಂಜಿನ್ನಿನ ಕ್ಯಾಮ್‌ಶಾಫ್ಟಿನಲ್ಲಿ ಕಂಪ್ರೆಷನ್ ತಾನಾಗಿ ಬಿಡುವ ವ್ಯವಸ್ಥೆ ಇರುತ್ತದೆ. ಸ್ಟಾರ್ಟ್ ಮಾಡುವಾಗ ಸುಲಭವಾಗಿ ತಿರುಗಲೆಂದು ಅದು ಸುಮಾರು 650 ಸುತ್ತಿನವರೆಗೆ ಎಕ್ಸಾಸ್ಟ್ ವಾಲ್ವನ್ನು ಕೊಂಚ ಎತ್ತಿ ಹಿಡಿಯುತ್ತದೆ. ಹೀಗಿರುವಾಗ ಸ್ಟಾರ್ಟರಿನಿಂದ ತಿರುಗಿಸಿ ಕಂಪ್ರೆಷನ್ ಗೇಜ್ ನೋಡಿದರೆ ಒಳ್ಳೆಯ ಎಂಜಿನ್ನೂ ಸತ್ತಂತೆ ಕಾಣುತ್ತದೆ. ಆದ್ದರಿಂದ ಲೀಕ್‌ಡೌನ್ ಪರೀಕ್ಷೆ ಮಾಡಿ. ಎರಡೂ ವಾಲ್ವುಗಳು ಮುಚ್ಚಿರುವ ಸ್ಥಿತಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗದಂತೆ ಭದ್ರವಾಗಿ ಹಿಡಿದು, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ ಕಿವಿಗೊಡಿ. ಕಾರ್ಬುರೇಟರಿನಲ್ಲಿ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಬ್ರೀದರಿನಲ್ಲಿ ಅಥವಾ ಎಣ್ಣೆಕಡ್ಡಿಯ ಕೊಳವೆಯಲ್ಲಾದರೆ ರಿಂಗುಗಳು ಸೋರುತ್ತಿವೆ.

ರಿಂಗು ಹೋಗಿದ್ದರೆ ರಿಂಗು ಮಾತ್ರ ಹಾಕಿ ಮುಚ್ಚುವ ಆಸೆಗೆ ಬೀಳಬೇಡಿ. ಮೈಕ್ರೋಮೀಟರಿನಿಂದ ಅಳೆಯಿರಿ. ಕೆ301ರ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 3.375 ಇಂಚು, ಅದು 3.378 ದಾಟಿದ್ದರೆ ಬೋರಿಂಗ್ ಮಾಡಿಸಿ 0.010 ಇಂಚಿನ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅದರ ಮುಂದಿನ ಹಂತಗಳು 0.020 ಮತ್ತು 0.030. ಕ್ರ್ಯಾಂಕ್‌ಪಿನ್ನಿನ (ಕ್ರ್ಯಾಂಕ್‌ಶಾಫ್ಟಿನಲ್ಲಿ ರಾಡ್ ಕೂರುವ ಭಾಗ) ಮೂಲ ವ್ಯಾಸ 1.500 ಇಂಚು. ಅದನ್ನು ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದಾಗ ವ್ಯತ್ಯಾಸ ಅರ್ಧ ಸಾವಿರಾಂಶ ಇಂಚನ್ನು ಮೀರಿದ್ದರೆ ಪಿನ್ನನ್ನು 0.010 ಇಂಚು ಗ್ರೈಂಡ್ ಮಾಡಿಸಿ, ಅದಕ್ಕೊಪ್ಪುವ ಅಂಡರ್‌ಸೈಜ್ ರಾಡ್ ಕೂರಿಸಬೇಕು. ಅಂಡಾಕಾರವಾದ ಪಿನ್ನಿಗೆ ಹೊಸ ರಾಡ್ ಜೋಡಿಸಿದರೆ ಅದು ಬೇಗನೆ ಮತ್ತೆ ಸದ್ದು ಮಾಡುತ್ತದೆ. ರಾಡ್ ಮತ್ತು ಅದರ ಕ್ಯಾಪಿನ ಮೇಲಿರುವ ಗುರುತುಗಳು ಒಂದರ ಎದುರು ಒಂದು ಬರಲೇಬೇಕು. ಟಾರ್ಕ್ ರಾಡಿನ ಮಾದರಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ನೀವು ಕೊಂಡ ರಾಡಿನ ಸೂಚನೆಯಿಂದಲೇ ತೆಗೆದುಕೊಳ್ಳಿ. ವಾಲ್ವ್ ಅಂತರ, ಎಂಜಿನ್ ತಣ್ಣಗಿರುವಾಗ, ಇನ್‌ಟೇಕಿಗೆ 0.008ರಿಂದ 0.010 ಇಂಚು, ಎಕ್ಸಾಸ್ಟಿಗೆ 0.017ರಿಂದ 0.020 ಇಂಚು. ಹೆಡ್ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಹಂತಹಂತವಾಗಿ 25ರಿಂದ 30 ಪೌಂಡ್-ಅಡಿಗೆ ತನ್ನಿ. ಹಳೆಯ ಗ್ಯಾಸ್ಕೆಟ್ ಮತ್ತು ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಅವನ್ನು ಒಣದಾಗಿ ಕೆರೆಯಬೇಡಿ, ಗಾಳಿ ಊದಿ ಸ್ವಚ್ಛಗೊಳಿಸಲೂ ಬೇಡಿ, ಒದ್ದೆ ಮಾಡಿಕೊಂಡು ತೆಗೆಯಿರಿ.

ಜೋಡಿಸುವಾಗ ತಗಡಿನ ಹೊದಿಕೆಯನ್ನು ಪೂರ್ತಿ ಕಳಚಿ ಸಿಲಿಂಡರಿನ ರೆಕ್ಕೆಗಳ ಸಂದುಗಳನ್ನು ಶುದ್ಧಮಾಡಿ. ಅಲ್ಲಿ ಇಲಿಗೂಡು, ಹುಲ್ಲು, ಎಣ್ಣೆಮಣ್ಣು ಸೇರಿ ಹೆಂಟೆಗಟ್ಟಿರುವುದು ಅಪರೂಪವೇನಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ, ಎಂಜಿನ್ ಮಾತ್ರ ಬೇಯುತ್ತಿರುತ್ತದೆ. ಪಾಯಿಂಟ್ ಅಂತರ 0.020 ಇಂಚು. ಫ್ಲೈವೀಲಿನ ಮೇಲಿರುವ ‘ಎಸ್’ ಗುರುತು ಕಿಂಡಿಯಲ್ಲಿ ನಡುವಿಗೆ ಬಂದಾಗ ಪಾಯಿಂಟ್ ತೆರೆದುಕೊಳ್ಳಲು ಆರಂಭಿಸಬೇಕು. ಆ ಗುರುತು ಪಿಸ್ಟನ್ ತುದಿ ಮುಟ್ಟುವುದಕ್ಕೆ 20 ಡಿಗ್ರಿ ಮೊದಲಿನ ಜಾಗ. ಪಾಯಿಂಟ್ ಬದಲಿಗೆ ಎಲೆಕ್ಟ್ರಾನಿಕ್ ಕಿಟ್ ಹಾಕುವವರಿದ್ದಾರೆ, ತಪ್ಪೇನಿಲ್ಲ. ಆದರೆ ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ಮೊದಲು ಕಾಯಿಲ್ ಸರಿಯಾದುದೇ ಎಂದು ನೋಡಿ. ಒಳರೋಧವಿಲ್ಲದ, ಹೊರಗಡೆ ರೆಸಿಸ್ಟರ್ ಬೇಡುವ ಕಾಯಿಲನ್ನು ನೇರವಾಗಿ 12 ವೋಲ್ಟಿಗೆ ಕೊಟ್ಟಿರುವುದೇ ಅದಕ್ಕೆ ಕಾರಣವಾಗಿರುತ್ತದೆ.

ಇಷ್ಟೆಲ್ಲ ಅಳೆದ ಮೇಲೆ ಬ್ಲಾಕ್ ಒಡೆದಿದೆ ಅಥವಾ ಬೋರ್ 0.030ನ್ನೂ ದಾಟಿದೆ ಎಂದಾದರೆ ಆಗ ವಿ-ಟ್ವಿನ್ ಯೋಚನೆ ನ್ಯಾಯವಾದುದು. ಅದು ನುಣುಪಾಗಿ ಓಡುತ್ತದೆ. ಆಯಿಲ್ ಪಂಪ್ ಮತ್ತು ಫಿಲ್ಟರ್ ಇರುವ ಮಾದರಿಯನ್ನೇ ಆರಿಸಿಕೊಳ್ಳಿ. ಶಾಫ್ಟ್ ಅಡ್ಡಡ್ಡಲಾಗಿರಬೇಕು, ತಿರುಗುವ ದಿಕ್ಕು ಹಳೆಯದರಂತೆಯೇ ಇರಬೇಕು. ತಳದಿಂದ ಶಾಫ್ಟಿನ ನಡುವಿನವರೆಗಿನ ಎತ್ತರ ಬೇರೆಯಾದರೆ ಎಲ್ಲ ಬೆಲ್ಟುಗಳ ಸಾಲು ಮತ್ತು ಉದ್ದವೂ ಬದಲಾಗುತ್ತದೆ. ಅದಕ್ಕೆ ಅಡಿಪಟ್ಟಿಯನ್ನು ಚಾಸಿಗೆ ವೆಲ್ಡ್ ಮಾಡದೆ ಬೋಲ್ಟಿನಿಂದ ಕೂರಿಸಿ. ನಾಳೆ ಯಾರಿಗಾದರೂ ಹಳೆಯ ಎಂಜಿನ್ ಮರಳಿ ಹಾಕುವ ಮನಸ್ಸಾದರೆ ದಾರಿ ಮುಚ್ಚಿರಬಾರದು. ವೈರಿಂಗಿನ ಒಂದು ಅಂಶವನ್ನು ಒತ್ತಿ ಹೇಳಬೇಕು. ಕೆ301ರಲ್ಲಿ ಕೀ ತಿರುಗಿಸಿದಾಗ ಕಾಯಿಲ್ಲಿಗೆ 12 ವೋಲ್ಟ್ ಹೋಗುತ್ತದೆ, ಆ ವಿದ್ಯುತ್ತಿನಿಂದಲೇ ಕಿಡಿ ಹುಟ್ಟುತ್ತದೆ. ಹೊಸ ಎಂಜಿನ್ನಿನಲ್ಲಿ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೆ ಹೊರಗಿನ ವಿದ್ಯುತ್ತೇ ಬೇಡ, ಅದರ ತಂತಿಯನ್ನು ಚಾಸಿಗೆ ತಾಗಿಸಿದಾಗ ಎಂಜಿನ್ ನಿಲ್ಲುತ್ತದೆ. ಹಳೆಯ ಸ್ವಿಚ್ಚಿನ ತಂತಿಯನ್ನೇ ಮ್ಯಾಗ್ನೆಟೊಗೆ ಸಿಕ್ಕಿಸಿದರೆ ಮೊದಲ ಸಲ ಕೀ ತಿರುಗಿಸಿದ ಕ್ಷಣದಲ್ಲೇ ಇಗ್ನಿಷನ್ ಮಾಡ್ಯೂಲ್ ಸುಟ್ಟುಹೋಗಬಹುದು. ಆದ್ದರಿಂದ ಸ್ವಿಚ್ಚನ್ನೂ ಮ್ಯಾಗ್ನೆಟೊ ಮಾದರಿಗೆ ಬದಲಿಸಬೇಕು.

ಹೆಚ್ಚುವರಿ ಅಶ್ವಶಕ್ತಿಯ ಲಾಭ ಕಾಣುವುದು ರೋಟರಿ ಟಿಲ್ಲರ್, ಹಿಮ ಎಸೆಯುವ ಯಂತ್ರ, ದಟ್ಟ ಹುಲ್ಲಿನಲ್ಲಿ ಡೆಕ್ ಇಂಥ ಬೆಲ್ಟಿನಿಂದ ಓಡುವ ಉಪಕರಣಗಳಲ್ಲಿ, ನೇಗಿಲಿನಲ್ಲಿ ಅಲ್ಲ. ನೇಗಿಲಿಗಾಗಿ ಹಿಡಿತ ಹೆಚ್ಚಿಸಲು ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟಬಹುದು, ಟಯರಿನೊಳಗೆ ದ್ರವ ತುಂಬಬಹುದು. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಭಾರವಾದುದು ನಿಜ, ಆದರೆ ಸೋರಿದರೆ ರಿಮ್ಮನ್ನು ತುಕ್ಕು ಹಿಡಿಸಿ ತಿನ್ನುತ್ತದೆ. ನಾನು ಕಬ್ಬಿಣದ ತೂಕಗಳನ್ನೇ ಮೆಚ್ಚುತ್ತೇನೆ, ಕೆಲಸ ಮುಗಿದ ಮೇಲೆ ಬಿಚ್ಚಿಡಬಹುದು. ಇಲ್ಲೊಂದು ಎಚ್ಚರಿಕೆ ಬೇಕು. ಈಗ ನೇಗಿಲು ಕಲ್ಲಿಗೆ ಸಿಕ್ಕಿದಾಗ ಚಕ್ರ ಜಾರುತ್ತದೆ, ಆ ಜಾರುವಿಕೆಯೇ ಗೇರುಪೆಟ್ಟಿಗೆಯನ್ನು ಕಾಯುವ ಫ್ಯೂಸ್. 22 ಅಶ್ವಶಕ್ತಿ, ಬಿಗಿಯಾದ ಬೆಲ್ಟ್, ಭಾರವಾದ ಚಕ್ರ ಮೂರನ್ನೂ ಒಟ್ಟಿಗೆ ಸೇರಿಸಿದರೆ ಆ ಫ್ಯೂಸನ್ನು ತೆಗೆದಂತೆ. ಮುಂದಿನ ಕಲ್ಲಿಗೆ ಗೇರಿನ ಹಲ್ಲೇ ಹೋಗಬಹುದು.

ಡೆಕ್ಕಿನ ವಿಷಯಕ್ಕೆ ಬರೋಣ. ಅದುರುವಿಕೆಗೆ ಕಾರಣ ಸಾಮಾನ್ಯವಾಗಿ ಬ್ಲೇಡಿನ ಅಸಮತೋಲ ಅಥವಾ ಬ್ಲೇಡನ್ನು ತಿರುಗಿಸುವ ಸ್ಪಿಂಡಲಿನ ಬೇರಿಂಗಿನ ಸವೆತ. ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ, ಬೆಲ್ಟ್ ತೆಗೆದು, ಪ್ರತಿ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಬದಲಿಸಿ. ಬೇರಿಂಗಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ನೋಡಿ ಅದೇ ಅಳತೆಯ, ಎರಡೂ ಕಡೆ ಸೀಲ್ ಇರುವುದನ್ನು ತನ್ನಿ. ಬ್ಲೇಡನ್ನು ಹರಿತಗೊಳಿಸಿದ ಮೇಲೆ ನಡುವಿನ ತೂತಿನಲ್ಲಿ ಮೊಳೆಗೆ ನೇತುಹಾಕಿ, ಯಾವ ತುದಿ ಇಳಿಯುತ್ತದೋ ಅದರ ಹಿಂಬದಿಯನ್ನು ಸ್ವಲ್ಪ ಸ್ವಲ್ಪವಾಗಿ ಉಜ್ಜಿ. ಬೆಲ್ಟ್ ಸುಡುವುದಕ್ಕೆ ಮೂಲ ಪುಲ್ಲಿಗಳ ಸಾಲು ತಪ್ಪಿರುವುದರಲ್ಲಿ, ಬೆಲ್ಟನ್ನು ಬಿಗಿಹಿಡಿಯುವ ಐಡ್ಲರ್ ಸಿಕ್ಕಿಕೊಂಡಿರುವುದರಲ್ಲಿ ಅಥವಾ ಕಾರಿನ ಫ್ಯಾನ್ ಬೆಲ್ಟನ್ನು ತಂದು ಹಾಕಿರುವುದರಲ್ಲಿ ಇರುತ್ತದೆ. ಸಡಿಲಿಸಿ ಬಿಗಿಯುವ ಮೂಲಕವೇ ಕ್ಲಚ್ಚಿನ ಕೆಲಸ ಮಾಡುವ ಇಂಥ ಜಾಗಕ್ಕೆ ಕೆವ್ಲಾರ್ ಎಳೆಗಳ, ಮೇಲೆ ಬಟ್ಟೆ ಸುತ್ತಿದ ಬೆಲ್ಟ್ ಬೇಕು.

ಪುಲ್ಲಿ ಬದಲಿಸಿ ಬ್ಲೇಡಿನ ವೇಗ ಹೆಚ್ಚಿಸುವ ಆಲೋಚನೆಯಿದ್ದರೆ ಮೊದಲು ಕಾಗದದ ಮೇಲೆ ಗುಣಿಸಿ ನೋಡಿ. ಅಮೆರಿಕದ ಎಎನ್‌ಎಸ್‌ಐ ಬಿ71.1 ಮಾನದಂಡ ಬ್ಲೇಡ್ ತುದಿಯ ವೇಗವನ್ನು ನಿಮಿಷಕ್ಕೆ 19,000 ಅಡಿಗೆ, ಅಂದರೆ ಸೆಕೆಂಡಿಗೆ ಸುಮಾರು 96 ಮೀಟರಿಗೆ, ಮಿತಿಗೊಳಿಸುತ್ತದೆ. 40 ಸೆಂಟಿಮೀಟರ್ ಉದ್ದದ ಬ್ಲೇಡ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 63 ಮೀಟರ್. ಸ್ಪಿಂಡಲಿನ 5 ಇಂಚಿನ ಪುಲ್ಲಿ ತೆಗೆದು 4 ಇಂಚಿನದು ಹಾಕಿದರೆ ಅದು 78 ದಾಟುತ್ತದೆ. ಮೇಲೆ ಗವರ್ನರನ್ನೂ ಕೆದಕಿ ಎಂಜಿನ್ನನ್ನು 4,400 ಸುತ್ತಿಗೆ ಏರಿಸಿದರೆ 96ಕ್ಕೆ ತಲುಪಿಬಿಡುತ್ತದೆ. ಆ ವೇಗದಲ್ಲಿ ಐವತ್ತು ವರ್ಷದ ಬ್ಲೇಡಿನ ತುಂಡು ಹಾರಿದರೆ ತುಕ್ಕು ತಿಂದ ಡೆಕ್ಕಿನ ತಗಡು ಅದನ್ನು ತಡೆಯುವುದಿಲ್ಲ. ಸೀಟಿನ ಅಡಿಯ ಸುರಕ್ಷತಾ ಸ್ವಿಚ್ಚನ್ನು ಯಾರಾದರೂ ಜೋಡುತಂತಿ ಹಾಕಿ ತಪ್ಪಿಸಿದ್ದರೆ ಅದನ್ನೂ ಮೊದಲಿನಂತೆ ಮಾಡಿ.

ಡೆಕ್ಕಿನ ತುಕ್ಕು ತೆಗೆಯಲು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಭಾಗಕ್ಕೂ ಧನ ತುದಿಯನ್ನು ಬೇಡವಾದ ಕಬ್ಬಿಣದ ತುಂಡಿಗೂ ಕೊಡುವ ವಿಧಾನ ಚೆನ್ನಾಗಿದೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತ ನೀರಿಗಿಳಿಯುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಈ ತೊಟ್ಟಿಗೆ ಹಾಕಲೇಬೇಡಿ. ಹೈಡ್ರೋಜನ್ ಹೊರಬರುವುದರಿಂದ ತೊಟ್ಟಿ ಬಯಲಲ್ಲಿರಲಿ. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಹಾಗಾಗಿ ಒಣದಾಗಿ ಉಜ್ಜಬೇಡಿ.

ಕೊನೆಯದಾಗಿ ಲೋಡರ್. ಇದಕ್ಕೆ ನಾನು ಮನಸ್ಸಿಲ್ಲದೆಯೇ ಉತ್ತರಿಸುತ್ತಿದ್ದೇನೆ. ಮುಂದಿನ ಆಕ್ಸಲ್ಲಿಗಿಂತ 90 ಸೆಂಟಿಮೀಟರ್ ಮುಂದೆ ಬಕೆಟ್ಟಿನಲ್ಲಿ 100 ಕಿಲೋ ಮಣ್ಣಿದೆ, ಎರಡು ಆಕ್ಸಲ್ಲುಗಳ ನಡುವಿನ ಅಂತರ 115 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಹಿಂದಿನ ಚಕ್ರಗಳ ಮೇಲಿನ ಭಾರ 78 ಕಿಲೋ ಕಡಿಮೆಯಾಗುತ್ತದೆ, ಮುಂದಿನವುಗಳ ಮೇಲೆ 178 ಕಿಲೋ ಹೆಚ್ಚುತ್ತದೆ. ಲೋಡರಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ನಿಮ್ಮ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಕೂರುವ ಸ್ಪಿಂಡಲುಗಳು ಸಾಮಾನ್ಯವಾಗಿ ಮುಕ್ಕಾಲು ಇಂಚಿನವು, ಹಗುರ ಕೆಲಸಕ್ಕೆಂದು ಮಾಡಿದವು. ಬ್ರೇಕ್ ಇರುವುದು ಹಿಂಬದಿಯ ಟ್ರಾನ್ಸ್‌ಆಕ್ಸಲ್ಲಿನಲ್ಲಿ. ಹಿಂಭಾಗ ಹಗುರವಾದಂತೆ ಇಳಿಜಾರಿನಲ್ಲಿ ಅದೂ ಕೈಕೊಡುತ್ತದೆ. ಆದರೂ ಕಟ್ಟುವುದೇ ಆದರೆ ಒಂದು ಇಂಚಿನ ಸ್ಪಿಂಡಲುಗಳಿರುವ ಗಟ್ಟಿ ಮುಂದಿನ ಆಕ್ಸಲ್ ಮಾಡಿಸಿ, ಅದರ ನಡುವಿನ ಪಿವೋಟಿಗೆ ಹೊಸ ಕಂಚಿನ ಬುಷ್ ಹಾಕಿಸಿ. ಲೋಡರಿನ ಕಂಬಗಳ ಒತ್ತಡ ಚಾಸಿಯ ಒಂದೇ ಬಿಂದುವಿಗೆ ಬೀಳದೆ ಹಿಂದಿನ ಆಕ್ಸಲ್ಲಿನವರೆಗೂ ಹರಡುವಂತೆ ಉದ್ದನೆಯ ಉಪಚೌಕಟ್ಟು ಇರಲಿ. ಹಿಂದಿನ ಹಿಚ್ಚಿಗೆ ಕನಿಷ್ಠ ಬಕೆಟ್ಟಿನ ಹೊರೆಯಷ್ಟು ತೂಕದ ಪೆಟ್ಟಿಗೆ ಕಟ್ಟದೆ ಎಂದೂ ಎತ್ತಬೇಡಿ. ತುಂಬಿದ ಬಕೆಟ್ಟಿನೊಡನೆ ಸಾಗುವಾಗ ಅದು ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಇಳಿಜಾರಿಗೆ ಅಡ್ಡಲಾಗಿ ಓಡಿಸಲೇಬಾರದು, ಏಕೆಂದರೆ ಈ ಗಾಡಿ ಮಗುಚಿದರೆ ನಿಮ್ಮನ್ನು ಕಾಯುವ ಕಬ್ಬಿಣದ ಚೌಕಟ್ಟು ಅದರಲ್ಲಿಲ್ಲ.